ಸಾವಿರ ಲ್ಯೂಮೆನ್ ಯಾರ ಮುಖಕ್ಕೆ?

ಡಬ್ಬದ ಮೇಲೆ ದೊಡ್ಡದಾಗಿ 1000 ಅಂತ ಇರುತ್ತೆ, ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಲ್ಯೂಮೆನ್ ಅಂತ. ಪಿಸ್ತೂಲಿನ ನಳಿಗೆಯ ಕೆಳಗೆ ಸಿಕ್ಕಿಸುವ ಎಲ್‌ಇಡಿ ಲೈಟುಗಳ ಬಗ್ಗೆ ಅಮೆರಿಕದಲ್ಲಿ ಬರುವ ವಿಮರ್ಶೆಗಳನ್ನು ಓದಿ, ವಿಡಿಯೋಗಳನ್ನು ನೋಡಿ. ಎಲ್ಲಾ ಮಾತೂ ಸುತ್ತಿ ಬಳಸಿ ಈ ಒಂದು ಅಂಕಿಗೇ ಬಂದು ನಿಲ್ಲುತ್ತೆ. ಮೊದಲು 500 ಇತ್ತು, ಆಮೇಲೆ 800 ಆಯ್ತು, ಈಗ 1000. ಅದಕ್ಕಿಂತ ಕಮ್ಮಿ ಇದ್ದರೆ ‘ಹಳೇ ಮಾಡೆಲ್’ ಅಂತ ಮೂಗು ಮುರೀತಾರೆ. ಫೋನ್ ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟು ಅಂತ ಮಾತ್ರ ಕೇಳುತ್ತಿದ್ದ ಕಾಲ ನೆನಪಿದೆಯಲ್ಲ, ಥೇಟ್ ಅದೇ ಕಾಯಿಲೆ.

ನಮಗ್ಯಾಕೆ ಈ ಉಸಾಬರಿ ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ ಕೂತವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಪಿಸ್ತೂಲನ್ನು ಮುಟ್ಟುವ ಹಾಗೂ ಇಲ್ಲ. ಆದರೆ ನಮ್ಮ ಜೊತೆ ಓದಿದವರು, ನಮ್ಮ ಟೀಮಿನಲ್ಲಿದ್ದವರು ಈಗ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಮುತ್ತ ಮನೆ ಮಾಡಿದ್ದಾರೆ. ಅವರಲ್ಲಿ ಕೆಲವರು ಪಿಸ್ತೂಲನ್ನೂ ಕೊಂಡಿದ್ದಾರೆ. ಡಲ್ಲಾಸ್ ಹತ್ತಿರ ಇರುವ ಗೆಳೆಯನೊಬ್ಬ ಕೊಂಡು ಒಂದು ವರ್ಷವಾದ ಮೇಲೆ ನನಗೆ ನಾಲ್ಕು ಲಿಂಕ್ ಕಳಿಸಿ, ‘ನೀನು ಲೈಟಿಂಗ್‌ನವನಲ್ವಾ, ಇದರಲ್ಲಿ ಯಾವುದು ತಗೊಳ್ಳಲಿ ಹೇಳು’ ಅಂದ. ನನ್ನ ಹೊಟ್ಟೆಪಾಡು ಆಫೀಸು ಕಟ್ಟಡಗಳಿಗೆ ದೀಪದ ಲೆಕ್ಕ ಹಾಕೋದು. ಬಂದೂಕಿನ ವಿಷಯದಲ್ಲಿ ನಾನು ಏನೂ ಅಲ್ಲ. ಆದರೆ ಅವನು ಕಳಿಸಿದ ವಿಮರ್ಶೆಗಳಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಬಂದೂಕಿನ ಮಾತಲ್ಲ, ಬೆಳಕಿನ ಮಾತು. ಮನೆಯಲ್ಲಿ ಬಂದೂಕು ಇರಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನಿಲ್ಲಿ ಹೋಗಲ್ಲ. ಅವನು ಇಟ್ಟುಕೊಂಡಿದ್ದಾಗಿದೆ.

ಮೊದಲು ಅಂಕಿಯ ಗುಟ್ಟು ಬಿಚ್ಚೋಣ. ಲ್ಯೂಮೆನ್ ಅಂದರೆ ಲೈಟಿನಿಂದ ಎಲ್ಲಾ ದಿಕ್ಕಿಗೂ ಹೊರಬೀಳುವ ಒಟ್ಟು ಬೆಳಕು. ಅದು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಲ್ಯೂಮೆನ್ ಹೇಳಲ್ಲ. ಅದನ್ನು ಹೇಳೋದು ಕ್ಯಾಂಡೆಲಾ, ಅಂದರೆ ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ಗಟ್ಟಿಯಾಗಿದೆ ಅನ್ನೋದು. ತೋಟದ ಪೈಪಿನಲ್ಲಿ ನೀರು ಬಿಡುತ್ತೀರಿ, ತುದಿಗೆ ಬೆರಳು ಅಡ್ಡ ಇಟ್ಟರೆ ಅದೇ ನೀರು ದೂರ ಹಾರುತ್ತೆ. ನೀರು ಹೆಚ್ಚಾಗಿಲ್ಲ, ದಾರಿ ಕಿರಿದಾಗಿದೆ ಅಷ್ಟೇ. ಕ್ಯಾಲಿಫೋರ್ನಿಯಾದ ಶೂರ್‌ಫೈರ್ ಕಂಪನಿಯ ಎಕ್ಸ್300 ಅಲ್ಟ್ರಾ ಮತ್ತು ಪೆನ್ಸಿಲ್ವೇನಿಯಾದ ಸ್ಟ್ರೀಮ್‌ಲೈಟ್ ಕಂಪನಿಯ ಟಿಎಲ್ಆರ್-1 ಎಚ್ಎಲ್, ಎರಡರ ಡಬ್ಬದ ಮೇಲೂ 1000 ಲ್ಯೂಮೆನ್ ಅಂತಲೇ ಇದೆ. ಮೊದಲನೆಯದರ ಕ್ಯಾಂಡೆಲಾ 11,300, ಎರಡನೆಯದರದ್ದು 20,000. ಇದೇ ಶೂರ್‌ಫೈರ್‌ನ ಎಕ್ಸ್300 ಟರ್ಬೊ ಅನ್ನುವ ತಮ್ಮ ಇದ್ದಾನೆ. ಅವನಿಗೆ ಬರೀ 650 ಲ್ಯೂಮೆನ್, ಆದರೆ ಕ್ಯಾಂಡೆಲಾ 66,000. ಡಬ್ಬದ ಅಂಕಿ ನೋಡಿ ಕೊಂಡವನು ಇವನನ್ನು ಪಕ್ಕಕ್ಕಿಡುತ್ತಾನೆ. ದೂರ ನೋಡಬೇಕಾದವನಿಗೆ ಬೇಕಾದ್ದು ಇವನೇ.

ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಆ ದೂರದಲ್ಲಿ ಎಷ್ಟು ಲಕ್ಸ್ ಬೀಳುತ್ತೆ ಅಂತ ಗೊತ್ತಾಗುತ್ತೆ. ಪಿಯುಸಿಯಲ್ಲಿ ಓದಿದ್ದೇ. ಮನೆಯೊಳಗಿನ ಕಾರಿಡಾರ್ ಐದು ಮೀಟರ್ ಅಂದುಕೊಳ್ಳಿ. ಟಿಎಲ್ಆರ್-1 ಅಲ್ಲಿ 800 ಲಕ್ಸ್ ಹಾಕುತ್ತೆ, ಎಕ್ಸ್300 ಅಲ್ಟ್ರಾ 450ರ ಆಸುಪಾಸು, ಟರ್ಬೊ 2,640. ಸ್ಟ್ರೀಮ್‌ಲೈಟ್‌ನದ್ದೇ ಚಿಕ್ಕ ಲೈಟು ಟಿಎಲ್ಆರ್-7ಎ ಇದೆ, 500 ಲ್ಯೂಮೆನ್, 5,000 ಕ್ಯಾಂಡೆಲಾ. ವಿಮರ್ಶಕರು ‘ಪರವಾಗಿಲ್ಲ’ ಅಂತ ಎರಡು ಸಾಲಿನಲ್ಲಿ ಮುಗಿಸುವ ಅದು ಹಾಕೋದು 200 ಲಕ್ಸ್. ನೀವು ಆಫೀಸಿನಲ್ಲಿ ಕೂತು ಕೆಲಸ ಮಾಡುವ ಮೇಜಿನ ಮೇಲೆ ನಾವು ಕೊಡೋದು 300ರಿಂದ 500 ಲಕ್ಸ್. ಅಂದರೆ ‘ಪರವಾಗಿಲ್ಲ’ ಲೈಟಿನ ಬೆಳಕಲ್ಲಿ ಕಾರಿಡಾರ್ ಕೊನೆಯಲ್ಲಿ ನಿಂತವನ ಮುಖ ಮಾತ್ರ ಅಲ್ಲ, ಅವನ ಕೈಯಲ್ಲಿರೋದು ಫೋನೋ ಇನ್ನೇನೋ ಅಂತಲೂ ಕಾಣುತ್ತೆ. 2,640 ಲಕ್ಸ್ ಆ ಜಾಗಕ್ಕೆ ಯಾಕೆ ಬೇಕು ಅಂತ ಯಾವ ವಿಡಿಯೋವೂ ಕೇಳಲಿಲ್ಲ.

ಕೇಳದಿರೋದಕ್ಕೆ ಕಾರಣ ಇದೆ. ನಾನು ನೋಡಿದ ವಿಡಿಯೋಗಳೆಲ್ಲ ಬಯಲಲ್ಲಿ ತೆಗೆದವು. ರಾತ್ರಿ, ಹೊಲ, ದೂರದಲ್ಲೊಂದು ಮರದ ಸಾಲು. ಲೈಟ್ ಹಾಕಿದ ಕೂಡಲೇ ಮರದ ಸಾಲು ಬೆಳಗುತ್ತೆ, ನೋಡುವವರು ‘ವಾವ್’ ಅಂತಾರೆ. ಬಯಲಲ್ಲಿ ಕ್ಯಾಂಡೆಲಾ ಗೆಲ್ಲಲೇಬೇಕು. ಪೊಲೀಸರಿಗೆ ಅದರ ಉಪಯೋಗ ಇದೆ, ಎದುರಿಗೆ ಕಾರಿನ ಹೆಡ್‌ಲೈಟ್ ಉರಿಯುತ್ತಿದ್ದಾಗ, ಕಪ್ಪು ಗಾಜಿನ ಆಚೆ ಯಾರಿದ್ದಾರೆ ಅಂತ ನೋಡಬೇಕಾದಾಗ. ಆದರೆ ಕೊಳ್ಳುವ ನನ್ನ ಗೆಳೆಯ ಪೊಲೀಸ್ ಅಲ್ಲ. ಅವನು ಲೈಟ್ ಹಾಕಬಹುದಾದ ಜಾಗ ಮಹಡಿ ಮೇಲಿನ ಮಲಗುವ ಕೋಣೆಯಿಂದ ಮೆಟ್ಟಿಲವರೆಗಿನ ಹತ್ತು ಹೆಜ್ಜೆ, ಎರಡೂ ಕಡೆ ಬಿಳಿ ಗೋಡೆ.

ಹೋದ ವರ್ಷ ಅವನ ಮನೆಗೆ ಹೋದಾಗ ಇದನ್ನು ಪರೀಕ್ಷೆ ಮಾಡಿಯೇ ನೋಡಿದೆವು. ಅವನ ಪರಿಚಯದವರ ಹತ್ತಿರ ಎರಡು ಲೈಟು ಇಸ್ಕೊಂಡು ಬಂದಿದ್ದ. ಪಿಸ್ತೂಲಿಗೆ ಹಾಕಲಿಲ್ಲ, ಬರೀ ಲೈಟನ್ನು ಕೈಯಲ್ಲಿ ಹಿಡಿದು ಮನೆಯ ದೀಪಗಳನ್ನೆಲ್ಲ ಆರಿಸಿದೆವು. ಕಾಲು ಗಂಟೆ ಕತ್ತಲಲ್ಲಿ ಕೂತು ಕಣ್ಣು ಹೊಂದಿಕೊಳ್ಳಲು ಬಿಟ್ಟೆವು. ಕಣ್ಣಿಗೆ ಕತ್ತಲು ಪೂರ್ತಿ ಒಗ್ಗಲು ಅರ್ಧ ಗಂಟೆಯೇ ಬೇಕು, ನಮಗೆ ಅಷ್ಟು ತಾಳ್ಮೆ ಇರಲಿಲ್ಲ. ಆಮೇಲೆ ಕಾರಿಡಾರ್‌ಗೆ ಬಂದು 20,000 ಕ್ಯಾಂಡೆಲಾದ ಲೈಟನ್ನು ಒತ್ತಿದ. ಪಕ್ಕದ ಬಿಳಿ ಗೋಡೆಯಿಂದ ತಿರುಗಿ ಬಂದ ಬೆಳಕಿಗೆ ನನ್ನ ಕಣ್ಣೇ ಮುಚ್ಚಿತು. ಅವನೂ ಮುಖ ತಿರುಗಿಸಿದ. ಆರಿಸಿದ ಮೇಲೆ ಸುಮಾರು ಹೊತ್ತು ಎದುರಿಗೆ ನೇರಳೆ ಬಣ್ಣದ ಒಂದು ಮಚ್ಚೆ ಬಿಟ್ಟರೆ ಇಬ್ಬರಿಗೂ ಏನೂ ಕಾಣಲಿಲ್ಲ. ರಾತ್ರಿ ಔಟರ್ ರಿಂಗ್ ರೋಡಲ್ಲಿ ಎದುರಿಂದ ಹೊರಗಿನ ಎಲ್‌ಇಡಿ ಹಾಕಿಸಿಕೊಂಡ ಜೀಪು ಹೈ ಬೀಮಿನಲ್ಲಿ ಬಂದು ಹೋದ ಮೇಲೆ ಆಗುತ್ತಲ್ಲ, ಹಾಗೆ. ವ್ಯತ್ಯಾಸ ಏನಂದರೆ ಇಲ್ಲಿ ಹೈ ಬೀಮ್ ಹಾಕಿದವನೂ ನೀವೇ, ಹೊಡೆಸಿಕೊಂಡವನೂ ನೀವೇ.

ಹಾಗಾದರೆ ಹೆಚ್ಚು ಬೆಳಕು ಬೇಡವೇ ಬೇಡವಾ? ಅಷ್ಟು ಸುಲಭ ಇಲ್ಲ. ಈ ಲೈಟುಗಳ ಬಗ್ಗೆ ನನ್ನ ಮುಖ್ಯ ತಕರಾರು ಇರೋದು ಇಲ್ಲೇ.

ಲೈಟು ಪಿಸ್ತೂಲಿಗೇ ಅಂಟಿಕೊಂಡಿದೆ. ಲೈಟು ತಿರುಗಿದ ಕಡೆಗೇ ನಳಿಗೆಯೂ ತಿರುಗುತ್ತೆ. ಅಂದರೆ ‘ಯಾರದು’ ಅಂತ ನೋಡಬೇಕಾದರೆ, ಯಾರೋ ಗೊತ್ತಿಲ್ಲದ ಆ ವ್ಯಕ್ತಿಯ ಮೇಲೆ ಗುಂಡು ತುಂಬಿದ ಪಿಸ್ತೂಲು ಹಿಡಿಯಬೇಕು. ಅಮೆರಿಕದಲ್ಲಿ ಬಂದೂಕು ಕಲಿಸುವವರೆಲ್ಲ ಜೆಫ್ ಕೂಪರ್ ಹೆಸರಿನ ನಾಲ್ಕು ನಿಯಮಗಳನ್ನು ಗಿಣಿಪಾಠ ಮಾಡಿಸುತ್ತಾರೆ. ನಾಶವಾದರೂ ಸರಿ ಅಂತ ನೀವು ಒಪ್ಪದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡಿ ಅನ್ನೋದು ಅದರಲ್ಲೊಂದು. ಗುರಿ ಯಾರು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡಿಕೊಳ್ಳಿ ಅನ್ನೋದು ಇನ್ನೊಂದು. ಈ ಲೈಟು ಎರಡನೆಯ ನಿಯಮ ಪಾಲಿಸಲು ಮೊದಲನೆಯದನ್ನು ಮುರಿ ಅನ್ನುತ್ತೆ. ಲೈಟು ಬೆಳಗಿದ ಆ ಕ್ಷಣದಲ್ಲಿ ಎದುರಿಗೆ ನಿಂತವಳು ಹೇಳದೆ ಕೇಳದೆ ಹಾಸ್ಟೆಲಿನಿಂದ ರಾತ್ರಿ ಎರಡಕ್ಕೆ ಬಂದ ಮಗಳಾಗಿದ್ದರೆ? ನನ್ನ ಗೆಳೆಯನ ಮಗಳು ಈಗ ಕಾಲೇಜಲ್ಲಿದ್ದಾಳೆ, ಹಾಗೆ ಬರುವ ಅಭ್ಯಾಸ ಅವಳಿಗೆ ಇದೆ.

ಲ್ಯೂಮೆನ್‌ಗೆ ನಿಜವಾದ ಬೆಲೆ ಇರೋದು ಇಲ್ಲಿ, ಡಬ್ಬದವರು ಹೇಳದ ಜಾಗದಲ್ಲಿ. ಒಟ್ಟು ಬೆಳಕು ಹೆಚ್ಚಿದ್ದರೆ ಅದನ್ನು ಯಾರ ಮುಖಕ್ಕೂ ಬಿಡಬೇಕಾಗಿಲ್ಲ. ಲೈಟಿನ ಮೂತಿಯನ್ನು ನೆಲಕ್ಕೆ ತಿರುಗಿಸಿ ಒತ್ತಿದರೆ ನೆಲದಿಂದ ಚಿಮ್ಮಿದ ಬೆಳಕಲ್ಲೇ ಕೋಣೆ ಕಾಣುತ್ತೆ. ಆಫೀಸಿನಲ್ಲಿ ದೀಪವನ್ನು ತಾರಸಿಗೆ ಬಿಟ್ಟು ಬೆಳಕನ್ನು ಕೆಳಗೆ ಇಳಿಸುತ್ತೇವಲ್ಲ, ಅದೇ ವಿದ್ಯೆ. ಮೂರು ಮೀಟರಿಗೆ ನಾಲ್ಕು ಮೀಟರ್ ಕೋಣೆ, ಬಿಳಿ ಗೋಡೆ, ಮಾಮೂಲಿ ಸಾಮಾನು ಅಂತ ಹಿಡಿದು ನಾನು ಹಾಕಿದ ಒರಟು ಲೆಕ್ಕ ಹೇಳುತ್ತೇನೆ. 1000 ಲ್ಯೂಮೆನ್ ಬಿಳಿ ತಾರಸಿಗೆ ಬಿದ್ದರೆ ಕೋಣೆಯಲ್ಲಿ ಎಲ್ಲ ಕಡೆ ಹರಡಿ 20–25 ಲಕ್ಸ್ ಸಿಗುತ್ತೆ. ಗಾಢ ಬಣ್ಣದ ಮರದ ನೆಲಕ್ಕೆ ಬಿಟ್ಟರೆ 6 ಲಕ್ಸ್. ಹುಣ್ಣಿಮೆಯ ಬೆಳಕು ಅಂತ ಟಾರ್ಚ್ ಉದ್ಯಮದವರೇ ಇಟ್ಟುಕೊಂಡಿರುವ ಅಳತೆ 0.25 ಲಕ್ಸ್. ಆರು ಲಕ್ಸ್ ಅಂದರೆ ಅದರ 24 ಪಟ್ಟು. ನಿಮ್ಮ ಮಗಳ ಮುಖ ಗುರುತು ಹಿಡಿಯೋಕೆ ಅದು ಸಾಕು, ಬೇಕಾದಷ್ಟಾಯಿತು.

ಅದನ್ನೂ ನೋಡಿದೆವು. ಕಾರಿಡಾರಿನ ಕೊನೆಯ ಗೋಡೆ ಮೇಲೆ ಆ ಹುಡುಗಿಯ ಎತ್ತರ ವರ್ಷ ವರ್ಷ ಪೆನ್ಸಿಲಿನಲ್ಲಿ ಗುರುತು ಹಾಕಿದ ಗೆರೆಗಳಿವೆ. ಲೈಟನ್ನು ಅವನ ಪಾದದ ಮುಂದಿನ ನೆಲಕ್ಕೆ ಹಿಡಿದಾಗ ಗೆರೆಗಳು ಕಂಡವು, ಪಕ್ಕದಲ್ಲಿ ಬರೆದ ವರ್ಷವನ್ನೂ ಓದಿದೆ. ಕಣ್ಣು ಕುಕ್ಕಲಿಲ್ಲ. ನೇರ ಗೋಡೆಗೆ ಬಿಟ್ಟಾಗ ಬಿಳಿ ಗೋಡೆಯೇ ಬಿಳಿಚಿಕೊಂಡು ಗೆರೆ ಮಾಯ.

ಇದೇನು ನಾನು ಕಂಡುಹಿಡಿದ ಹೊಸ ವಿಷಯ ಅಲ್ಲ. ಅಲ್ಲಿನ ಒಳ್ಳೆಯ ತರಬೇತುದಾರರು ಇದನ್ನು ಕಲಿಸುತ್ತಾರೆ, ಪಿಸ್ತೂಲು ನೆಲದ ಕಡೆ, ಬೆರಳು ಟ್ರಿಗರ್‌ನಿಂದ ಹೊರಗೆ, ಚಿಮ್ಮಿದ ಬೆಳಕಲ್ಲಿ ನೋಡು ಅಂತ. ನನ್ನ ಸಿಟ್ಟು ವಿಮರ್ಶೆ ಬರೆಯುವವರ ಮೇಲೆ. ಅವರು ಅಳೆಯೋದು ಮರದ ಸಾಲಿನವರೆಗಿನ ದೂರ. ನೆಲಕ್ಕೆ ಹಿಡಿದರೆ ಕೋಣೆ ಹೇಗೆ ಕಾಣುತ್ತೆ ಅಂತ ತೋರಿಸುವ ಒಂದು ಫೋಟೋ ಹಾಕಿದ್ದರೆ ಸಾಕಿತ್ತು. ಆಗ 1000 ಲ್ಯೂಮೆನ್, ಅಗಲ ಬೀಮು ಇರುವ ಲೈಟು ಮನೆಗೆ ಯಾಕೆ ಒಳ್ಳೆಯದು, 66,000 ಕ್ಯಾಂಡೆಲಾದ ಈಟಿಯಂಥ ಬೀಮು ಯಾಕೆ ಅಲ್ಲ ಅಂತ ಓದುಗನಿಗೇ ಗೊತ್ತಾಗುತ್ತಿತ್ತು. ನೋಡಿ, 1000 ಅನ್ನೋ ಅಂಕಿ ಸುಳ್ಳಲ್ಲ. ಅದನ್ನು ಮಾರುತ್ತಿರುವ ಕಾರಣ ತಪ್ಪು. ಎದುರಿನವನ ಕಣ್ಣು ಕುಕ್ಕುವ ಆಯುಧ ಅಂತ ಮಾರುತ್ತಾರೆ. ಆಯುಧವನ್ನು ಯಾರ ಕಡೆಗೂ ಹಿಡಿಯದೆ ನೋಡುವ ಸೌಲಭ್ಯ ಅಂತ ಮಾರಿದರೆ ಅಷ್ಟು ರೋಚಕ ಅನ್ನಿಸಲ್ಲವೇನೋ.

ಡಬ್ಬದ ಮೇಲಿನ ಇನ್ನೆರಡು ಅಂಕಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎಫ್ಎಲ್1 ಅಂತ ಟಾರ್ಚುಗಳಿಗೊಂದು ಮಾನದಂಡ ಇದೆ, 2009ರದ್ದು, ಆಮೇಲೆ ಪರಿಷ್ಕರಣೆ ಆಗಿದೆ. ಅದರ ಪ್ರಕಾರ ‘ಬೀಮಿನ ದೂರ’ ಅಂದರೆ ಬೆಳಕು ಆ ಹುಣ್ಣಿಮೆಯ 0.25 ಲಕ್ಸ್‌ಗೆ ಇಳಿಯುವ ಜಾಗ. ಟಿಎಲ್ಆರ್-1ರ ಡಬ್ಬದಲ್ಲಿ 283 ಮೀಟರ್ ಅಂತ ಇದ್ದರೆ 283 ಮೀಟರ್ ದೂರದವನ ಗುರುತು ಸಿಗುತ್ತೆ ಅಂತಲ್ಲ, ಅಲ್ಲಿ ಬೆಳದಿಂಗಳಷ್ಟು ಬೆಳಕಿದೆ ಅಂತ. ಇನ್ನು ‘ಒಂದೂವರೆ ಗಂಟೆ ಉರಿಯುತ್ತೆ’ ಅನ್ನೋದು ಬೆಳಕು ಆರಂಭದ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಲೆಕ್ಕ. ಒಂದೂವರೆ ಗಂಟೆ ಪೂರ್ತಿ 1000 ಲ್ಯೂಮೆನ್ ಅಂತ ತಿಳಿದುಕೊಂಡವರು ಬಹಳ ಜನ.

ಇದಕ್ಕಿಂತ ಮುಖ್ಯವಾದದ್ದು, ಡಬ್ಬದ ಮೇಲೆ ಅಂಕಿಯೇ ಇಲ್ಲದ್ದು, ಸ್ವಿಚ್ಚು. 2010ರಲ್ಲಿ ಟೆಕ್ಸಸ್‌ನ ಪ್ಲೇನೋದಲ್ಲಿ, ನನ್ನ ಗೆಳೆಯನ ಮನೆಗೆ ದೂರವೇನಲ್ಲದ ಊರದು, ಮಾದಕ ವಸ್ತುವಿನ ಕಾರ್ಯಾಚರಣೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ಗುಂಡಿಗೆ 25 ವರ್ಷದ ಯುವಕ ಸತ್ತ. ಪಿಸ್ತೂಲಿನ ಲೈಟ್ ಹಾಕಲು ಹೋಗಿದ್ದೆ, ಗುಂಡು ಹಾರಿತು ಅಂದ ಅಧಿಕಾರಿ. ಆ ಲೈಟಿನ ಸ್ವಿಚ್ಚು ಹಿಡಿಯ ಮುಂಭಾಗದಲ್ಲಿ, ಟ್ರಿಗರ್ ಗಾರ್ಡಿನ ಕೆಳಗೆ ಇರುವಂಥದ್ದು. ಮಧ್ಯದ ಬೆರಳಿನಿಂದ ಹಿಂಡಿದರೆ ಲೈಟು, ಅದರ ಮೇಲಿನ ತೋರುಬೆರಳಿನಿಂದ ಹಿಂಡಿದರೆ ಗುಂಡು. ಎರಡೂ ಒಂದೇ ಕೈ, ಎರಡೂ ಒಂದೇ ರೀತಿಯ ಹಿಂಡುವ ಚಲನೆ, ನಡುವೆ ಇರೋದು ಒಂದು ಬೆರಳಿನಷ್ಟು ಅಂತರ. ಈಗ ನೀವೇ ಕೈ ಎತ್ತಿ ಗಾಳಿಯಲ್ಲಿ ಮಧ್ಯದ ಬೆರಳೊಂದನ್ನೇ ಜೋರಾಗಿ ಮಡಚಿ ನೋಡಿ. ಪಕ್ಕದ ಬೆರಳು ಸುಮ್ಮನೆ ಇರುತ್ತಾ? ಇದನ್ನು ಹೆದರಿಕೆಯಲ್ಲಿ, ಕತ್ತಲಲ್ಲಿ, ಎದೆ ಡಬಡಬ ಹೊಡೆದುಕೊಳ್ಳುವಾಗ ಮಾಡಬೇಕು. ಡೆನ್ವರ್‌ನಲ್ಲೂ ಇಂಥ ಅಚಾತುರ್ಯಗಳು ನಡೆದ ಮೇಲೆ ಅಲ್ಲಿನ ಪೊಲೀಸ್ ಮುಖ್ಯಸ್ಥರು ಟ್ರಿಗರ್ ಗಾರ್ಡಿನ ಕೆಳಗಿನ ಆ ಥರದ ಸ್ವಿಚ್ಚುಗಳನ್ನು ಬಳಸಬೇಡಿ ಅಂತ ತಮ್ಮವರಿಗೆ ಆದೇಶ ಕೊಟ್ಟರು.

ಯುಐ ಡಿಸೈನ್ ಮಾಡುವವರು ಓದುತ್ತಿದ್ದರೆ ಅವರಿಗೆ ಇದು ಕೂಡಲೇ ಹೊಳೆಯುತ್ತೆ. ‘ಸೇವ್’ ಮತ್ತು ‘ಡಿಲೀಟ್’ ಬಟನ್ನುಗಳನ್ನು ಅಕ್ಕಪಕ್ಕ ಇಟ್ಟರೆ ರಿವ್ಯೂನಲ್ಲಿ ಕೂಗಾಡುತ್ತೀರಲ್ಲ? ಇಲ್ಲಿ ಅನ್‌ಡೂ ಇಲ್ಲ.

ಹಾಗಾಗಿ ಒಳ್ಳೆಯ ಸ್ವಿಚ್ಚು ಅಂದರೆ ಲೈಟಿನ ಹಿಂಭಾಗದಲ್ಲಿದ್ದು, ಪಿಸ್ತೂಲಿಗೆ ಆಸರೆ ಕೊಡುವ ಇನ್ನೊಂದು ಕೈಯ ಹೆಬ್ಬೆರಳಿಗೆ ಸಿಗುವಂಥದ್ದು. ಆ ಕೈಗೂ ಟ್ರಿಗರ್‌ಗೂ ಸಂಬಂಧ ಇರಬಾರದು. ಎಕ್ಸ್300, ಟಿಎಲ್ಆರ್-1 ಎರಡರದ್ದೂ ಹಾಗೇ ಇದೆ. ಸ್ಟ್ರೀಮ್‌ಲೈಟ್‌ನ ಮೊದಲ ಟಿಎಲ್ಆರ್-7ರಲ್ಲಿ ಬಟನ್ನುಗಳು ಪಕ್ಕಕ್ಕೆ ಇದ್ದವು, ಹೆಬ್ಬೆರಳು ಎಟುಕಿಸಿ ಒತ್ತಬೇಕಿತ್ತು. ಟಿಎಲ್ಆರ್-7ಎ ಬಂದಾಗ ಸ್ವಿಚ್ಚನ್ನು ಹಿಂದಕ್ಕೆ ತಂದರು. ಆ ಒಂದು ಅಕ್ಷರ ‘ಎ’ಗೆ ಲ್ಯೂಮೆನ್‌ಗಿಂತ ಹೆಚ್ಚು ಬೆಲೆ ಇದೆ ಅಂತ ನನ್ನ ಅಭಿಪ್ರಾಯ. ಗೆಳೆಯ ಕಳಿಸಿದ ನಾಲ್ಕು ವಿಮರ್ಶೆಗಳಲ್ಲಿ ಸ್ವಿಚ್ಚಿಗೆ ಸಿಕ್ಕಿದ್ದು ಒಟ್ಟು ಸೇರಿಸಿ ಒಂದು ಪ್ಯಾರಾ.

ಹಿಂದಿನವರ ಹತ್ತಿರ ಎಷ್ಟು ಬೆಳಕಿತ್ತು ಅಂತ ನೋಡಿದರೆ ಈ ಪೈಪೋಟಿಯ ಬಗ್ಗೆ ಇನ್ನೂ ಸೋಜಿಗ ಆಗುತ್ತೆ. ಶೂರ್‌ಫೈರ್ ಕಂಪನಿಗೆ ಮೊದಲು ಲೇಸರ್ ಪ್ರಾಡಕ್ಟ್ಸ್ ಅಂತ ಹೆಸರಿತ್ತು. 1984ರ ‘ಟರ್ಮಿನೇಟರ್’ನಲ್ಲಿ ಆರ್ನಾಲ್ಡ್ ಕೈಯ ಪಿಸ್ತೂಲಿನ ಮೇಲೆ ಕೂತಿದ್ದ ದಪ್ಪ ಲೇಸರ್ ಅವರದ್ದೇ. ಅವರ ಪ್ರಸಿದ್ಧ 6ಪಿ ಅನ್ನುವ ಕೈ ಟಾರ್ಚು ಎರಡು ಲಿಥಿಯಂ ಸೆಲ್ಲಿನಲ್ಲಿ ಕೊಡುತ್ತಿದ್ದದ್ದು 65 ಲ್ಯೂಮೆನ್. ಅದನ್ನೇ ‘ಕಣ್ಣು ಕುಕ್ಕುವ ಬೆಳಕು’ ಅಂತ ಮಾರುತ್ತಿದ್ದ ಕಾಲ, ಮತ್ತು ಆಗಿನವರಿಗೆ ಅದು ನಿಜವಾಗಿಯೂ ಕುಕ್ಕುತ್ತಿತ್ತು. ಎಕ್ಸ್ ಫೈಲ್ಸ್ ನೋಡಿದವರಿಗೆ ಮಲ್ಡರ್, ಸ್ಕಲ್ಲಿ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಟಾರ್ಚು ಹಿಡಿದು ಕತ್ತಲಿಗೆ ನುಗ್ಗುತ್ತಿದ್ದದ್ದು ನೆನಪಿರುತ್ತೆ. ಟಾರ್ಚನ್ನು ದೇಹದಿಂದ ದೂರ ಎತ್ತಿ ಹಿಡಿಯುವ ಭಂಗಿಗೆ ಎಫ್‌ಬಿಐ ಹೆಸರೇ ಅಂಟಿಕೊಂಡಿದೆ. ಬೆಳಕಿನ ಕಡೆ ಗುಂಡು ಹಾರಿಸುವವನಿಗೆ ಮೈ ಸಿಗಬಾರದು ಅಂತ. ಅದು ಎರಡು ಕೈಗೂ ಕೆಲಸ ಕೊಡುತ್ತೆ, ಪಿಸ್ತೂಲಿನ ಹಿಡಿತ ಸಡಿಲ ಆಗುತ್ತೆ, ಮಗುವನ್ನು ಎತ್ತಿಕೊಳ್ಳೋಕೋ ಬಾಗಿಲು ತೆಗೆಯೋಕೋ ಕೈ ಉಳಿಯಲ್ಲ. ಲೈಟು ಪಿಸ್ತೂಲಿಗೆ ಹತ್ತಿಕೊಂಡದ್ದಕ್ಕೆ ಇದು ನ್ಯಾಯವಾದ ಕಾರಣವೇ. ಅದನ್ನು ನಾನು ಅಲ್ಲಗಳೆಯಲ್ಲ.

ಆದರೆ ನೋಡೋದು ಮತ್ತು ಗುರಿಯಿಡೋದು ಎರಡು ಬೇರೆ ಕೆಲಸ ಅನ್ನುವ ಭೇದ ಆ ಹಳೇ ಭಂಗಿಯಲ್ಲಿ ತಾನಾಗಿಯೇ ಇತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಅಡಿಕೆ ತೋಟದಲ್ಲಿ ಸದ್ದಾದರೆ ಅಜ್ಜ ಜಗಲಿಯಲ್ಲಿ ನಿಂತು ಬ್ಯಾಟ್ರಿ ಬಿಟ್ಟು ಮೊದಲು ಕೂಗುತ್ತಿದ್ದದ್ದು ‘ಯಾರೋ ಅದು?’ ಅಂತ. ಕೋವಿ ಒಳಗೆ ಗೋಡೆಗೆ ಒರಗಿರುತ್ತಿತ್ತು. ಮುಕ್ಕಾಲು ಪಾಲು ಸಲ ಉತ್ತರ ಬರುತ್ತಿದ್ದದ್ದು ‘ನಾನು ಮಾರಾಯ್ರೆ, ದನ ಹುಡುಕ್ತಾ ಬಂದೆ’ ಅಂತ. ಡಲ್ಲಾಸಿನ ಗೆಳೆಯನಿಗೆ ನಾನು ಹೇಳಿದ ಮೊದಲ ಲೈಟು ಕೈ ಟಾರ್ಚು. ಒಂದು ಸಾಧಾರಣ ಒಳ್ಳೆಯ ಟಾರ್ಚು, ಹಾಸಿಗೆ ಪಕ್ಕ. ಕರೆಂಟು ಹೋದಾಗ, ನಾಯಿ ಬೊಗಳಿದಾಗ, ಹಿತ್ತಲಲ್ಲಿ ಏನೋ ಬಿದ್ದಾಗ ನೂರಕ್ಕೆ ನೂರು ಸಲ ಬೇಕಾಗೋದು ಅದು. ಪಿಸ್ತೂಲಿನ ಲೈಟು ಕೊಂಡವನ ಮನೆಯಲ್ಲಿ ಕೈ ಟಾರ್ಚು ಇಲ್ಲದಿದ್ದರೆ, ಏನು ಸದ್ದು ಅಂತ ನೋಡೋಕೆ ಹೋಗುವ ಪ್ರತಿ ಸಲವೂ ಅವನ ಕೈಗೆ ಬರೋದು ಪಿಸ್ತೂಲು.

ಬೆಳಕೇ ಎಲ್ಲವನ್ನೂ ಸರಿಮಾಡುತ್ತೆ ಅಂತಲೂ ನಾನು ಹೇಳಲಾರೆ. 2023ರ ಏಪ್ರಿಲ್‌ನಲ್ಲಿ ಮಿಸ್ಸೌರಿಯ ಕಾನ್ಸಾಸ್ ಸಿಟಿಯಲ್ಲಿ 16 ವರ್ಷದ ಕಪ್ಪು ಹುಡುಗನೊಬ್ಬ ತಮ್ಮಂದಿರನ್ನು ಕರೆತರಲು ಹೋಗಿ, ವಿಳಾಸ ತಪ್ಪಿ ಬೇರೆ ಮನೆಯ ಗಂಟೆ ಒತ್ತಿದ. ಒಳಗಿದ್ದ 84ರ ಮುದುಕ ಗಾಜಿನ ಬಾಗಿಲಿನ ಆಚೆಯಿಂದಲೇ ಗುಂಡು ಹಾರಿಸಿದ. ಹುಡುಗ ಬದುಕಿಕೊಂಡ. ಅಲ್ಲಿ ಕೊರತೆಯಾದದ್ದು ಲ್ಯೂಮೆನ್ ಅಲ್ಲ. ಎದುರಿಗೆ ಆಕಾರ ಇತ್ತು, ಅದನ್ನು ಏನೆಂದು ಓದಬೇಕು ಅಂತ ಆ ಮುದುಕನ ತಲೆಯಲ್ಲಿ ಮೊದಲೇ ಬರೆದಾಗಿತ್ತು. ನಮ್ಮ ಬಣ್ಣದವರು ಆ ದೇಶದಲ್ಲಿ ಬಾಗಿಲಿನ ಎರಡೂ ಕಡೆ ಇದ್ದಾರೆ. ಒಳಗೆ ಪಿಸ್ತೂಲು ಹಿಡಿದ ನನ್ನ ಗೆಳೆಯನೂ ಇದ್ದಾನೆ, ತಪ್ಪು ಮನೆಯ ಗಂಟೆ ಒತ್ತುವ ಅವನ ಮಗಳ ಗೆಳೆಯರೂ ಇದ್ದಾರೆ. ಈ ಮಾತು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಕಾಫಿ ಮಾಡ್ತೀನಿ ಅಂತ ಎದ್ದು ಹೋದ.

ಬಣ್ಣದ ಬಗ್ಗೆ ಒಂದು ಮಾತು. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿ, ಮೇಲೆ ಹಳದಿ ರಂಜಕದ ಲೇಪ. ಅದೇ ವಿದ್ಯುತ್ತಿಗೆ ಹೆಚ್ಚು ಲ್ಯೂಮೆನ್ ಬೇಕಾದರೆ ನೀಲಿ ಛಾಯೆಯ ಬಿಳಿ ಸುಲಭ. ಅದರಲ್ಲಿ ಕೆಂಪು, ಕಂದು ಬಣ್ಣಗಳು ಸತ್ತು ಹೋಗುತ್ತವೆ. ಬಣ್ಣ ನಿಜವಾಗಿ ತೋರಿಸುವ ಎಲ್‌ಇಡಿ ಹಾಕಿದರೆ ಲ್ಯೂಮೆನ್ ಕಮ್ಮಿಯಾಗುತ್ತೆ, ಡಬ್ಬದ ಅಂಕಿ ಇಳಿಯುತ್ತೆ, ಆದ್ದರಿಂದ ಯಾರೂ ಹಾಕಲು ಮುಂದೆ ಬರಲ್ಲ. ಮಗನ ಮರೂನ್ ಟೀಶರ್ಟನ್ನು ಕಪ್ಪು ಅಂತ ತೋರಿಸುವ 1000ಕ್ಕಿಂತ ಮರೂನ್ ಅಂತಲೇ ತೋರಿಸುವ 700 ಮೇಲು ಅಂತ ನನ್ನ ಕಸುಬಿನವರು ಯಾರನ್ನು ಕೇಳಿದರೂ ಹೇಳುತ್ತಾರೆ.

ಕೊನೆಗೆ ಯಾವುದು ತಗೊಳ್ಳಲಿ ಅಂತ ಅವನು ಬಿಡಲಿಲ್ಲ. ಮನೆಯಲ್ಲೇ ಇಡುವ ದೊಡ್ಡ ಪಿಸ್ತೂಲಾದರೆ ಟಿಎಲ್ಆರ್-1 ಎಚ್ಎಲ್ ಸಾಕು ಅಂದೆ. ಎಕ್ಸ್300 ಅಲ್ಟ್ರಾ ಗಟ್ಟಿಮುಟ್ಟಾದದ್ದು, ಬೀಮು ಅದಕ್ಕಿಂತ ಅಗಲ, ಮನೆಯೊಳಗೆ ನನಗೆ ಹೆಚ್ಚು ಹಿಡಿಸಿದ್ದು ಅದೇ. ಆದರೆ ಬೆಲೆ ಹೆಚ್ಚುಕಮ್ಮಿ ದುಪ್ಪಟ್ಟು. ಆ ಉಳಿದ ದುಡ್ಡನ್ನು ಒಂದು ದಿನದ ತರಬೇತಿಗೆ ಹಾಕು ಅಂದೆ. ಟರ್ಬೊ ಬೇಡ. ಸೊಂಟದಲ್ಲಿ ಇಟ್ಟುಕೊಂಡು ಓಡಾಡುವ ಯೋಚನೆ ಇದ್ದರೆ ಲೆಕ್ಕ ಬೇರೆ. ಲೈಟು ಹಾಕಿದ ಪಿಸ್ತೂಲಿಗೆ ಹೋಲ್‌ಸ್ಟರ್ ಕೂರೋದು ಪಿಸ್ತೂಲಿನ ಆಕಾರಕ್ಕಲ್ಲ, ಲೈಟಿನ ಆಕಾರಕ್ಕೆ. ದಪ್ಪ ಲೈಟಾದರೆ ಹೋಲ್‌ಸ್ಟರಿನ ಬಾಯಿ ಅಗಲ, ಟ್ರಿಗರ್ ಗಾರ್ಡಿನ ಪಕ್ಕ ಸಂದು ಉಳಿಯುತ್ತೆ, ಜಾಕೆಟ್ಟಿನ ದಾರ ಒಳಗೆ ಸಿಕ್ಕಿಕೊಳ್ಳುವಷ್ಟು. ಅದಕ್ಕೆ ಹೆಚ್ಚು ಜನ ಬಳಸುವ ಲೈಟನ್ನೇ ಕೊಳ್ಳಬೇಕು, ಸರಿಯಾದ ಹೋಲ್‌ಸ್ಟರ್ ಮಾಡುವವರು ಸಿಗುತ್ತಾರೆ.

ಅದಕ್ಕೂ ಮೊದಲು ಆ ಕಾರಿಡಾರಿಗೆ ಕಾಲಿನ ಮಟ್ಟದಲ್ಲಿ ಎರಡು ಸೆನ್ಸರ್ ದೀಪ ಹಾಕಿಸು ಅಂದೆ, ಯಾರಾದರೂ ನಡೆದರೆ ತಾನಾಗಿ ಹತ್ತುವಂಥದ್ದು. ಅಷ್ಟೆಲ್ಲ ವಿಮರ್ಶೆ ಓದಿದವನಿಗೆ ಮನೆ ಯಾಕೆ ಕತ್ತಲಾಗಿದೆ ಅಂತ ಕೇಳಬೇಕು ಅನ್ನಿಸಿರಲಿಲ್ಲ. ದೀಪ ಮರುದಿನವೇ ತಂದ. ಪಿಸ್ತೂಲಿನ ಲೈಟು ಎರಡು ತಿಂಗಳಾದ ಮೇಲೆ ಕೊಂಡ. ಸಿಆರ್123ಎ ಸೆಲ್ಲು ಎಲ್ಲಿ ಸಿಕ್ಕರೂ ಆಗುತ್ತಾ ಅಂತ ಮೊನ್ನೆ ಮೆಸೇಜ್ ಮಾಡಿದ್ದ. ಒಳ್ಳೇ ಕಂಪನಿಯದ್ದು ತಗೋ, ಎರಡನ್ನೂ ಒಟ್ಟಿಗೇ ಬದಲಿಸು, ಒಂದು ಹಳೇದು ಒಂದು ಹೊಸದು ಹಾಕಬೇಡ ಅಂತ ಉತ್ತರ ಬರೆದೆ.